ಲೈಬ್ರರಿಯಲ್ಲಿ ಸಿನಿಮಾನೂ ಸಿಗಬೇಕು, ಹಾಡೂ ಸಿಗಬೇಕು

ಹೊಸ ಸಿನಿಮಾದ ಡಿವಿಡಿ, ಹೊಸ ಆಲ್ಬಮ್ಮಿನ ಸಿಡಿ ಒಂದು ಪೈಸೆ ಕೊಡದೆ ಮನೆಗೆ ತರಬಹುದು ಅಂದರೆ ಊರಿನ ಗೆಳೆಯರು ಈಗಲೂ ನಂಬುವುದಿಲ್ಲ. ಅದೂ ಸಾರ್ವಜನಿಕ ಗ್ರಂಥಾಲಯದಿಂದ. ನಾನಿರುವುದು ಶಿಕಾಗೋ ಪಕ್ಕದ ಒಂದು ಊರಿನಲ್ಲಿ. ಇಲ್ಲಿನ ಲೈಬ್ರರಿಯಲ್ಲಿ ಹೊಸ ಪುಸ್ತಕಗಳ ಎದುರಿಗೇ ಹೊಸ ಡಿವಿಡಿಗಳ ಕಪಾಟಿದೆ. ಡಿವಿಡಿಗೆ ಒಂದು ವಾರ ಗಡುವು, ಸಿಡಿಗೆ ಮೂರು ವಾರ. ಬೇರೆಯವರು ತಗೊಂಡು ಹೋಗಿದ್ದರೆ ಹೆಸರು ಬರೆಸಿ ಬಂದರೆ ಸಾಕು, ನಮ್ಮ ಸರದಿ ಬಂದಾಗ ಫೋನಿಗೆ ಮೆಸೇಜ್ ಬರುತ್ತದೆ.

"ಈ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕು? ಎಲ್ಲಾ ಮೊಬೈಲಿನಲ್ಲೇ ಇದೆಯಲ್ಲ?" ಅಂತ ಕೇಳುತ್ತಾರೆ. ಎಲ್ಲಾ ಇಲ್ಲ. ಹೋದ ತಿಂಗಳು ಇದ್ದ ಸಿನಿಮಾ ಈ ತಿಂಗಳು ಹುಡುಕಿದರೆ ಸಿಗುವುದಿಲ್ಲ. ಆ್ಯಪಿನವರಿಗೂ ಸಿನಿಮಾದವರಿಗೂ ಇದ್ದ ಒಪ್ಪಂದ ಮುಗಿದರೆ ಅದು ಅಲ್ಲಿಂದ ಎದ್ದು ಹೋಗುತ್ತದೆ, ನಾವು ತಿಂಗಳು ತಿಂಗಳು ದುಡ್ಡು ಕಟ್ಟಿದ್ದಕ್ಕೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲೈಬ್ರರಿ ಕೊಂಡ ಡಿವಿಡಿ ಹಾಗಲ್ಲ. ಒಮ್ಮೆ ಕೊಂಡ ಮೇಲೆ ಅದು ಊರಿನದು. ಅಮೆರಿಕದ ಕಾನೂನಿನಲ್ಲಿ, ಕೊಂಡ ಪ್ರತಿಯನ್ನು ಎರವಲು ಕೊಡೋಕೆ ಲೈಬ್ರರಿ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಾಡಿನ ರೆಕಾರ್ಡುಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರಕ್ಕೆ 1984ರಲ್ಲಿ ತಡೆ ಹಾಕಿದಾಗಲೂ, ಲಾಭಕ್ಕಾಗಿ ನಡೆಸದ ಲೈಬ್ರರಿಗಳಿಗೆ ಆ ತಡೆ ಅನ್ವಯಿಸಲಿಲ್ಲ. ಅದೇ ಲೈಬ್ರರಿ ಹೂಪ್ಲಾದಂಥ ಆ್ಯಪಿನಲ್ಲಿ ಸಿನಿಮಾ ತೋರಿಸಿದರೆ, ಸಾಮಾನ್ಯವಾಗಿ ಯಾರಾದರೂ ನೋಡಿದಾಗಲೆಲ್ಲ ದುಡ್ಡು ಕಟ್ಟಬೇಕು. ತಿಂಗಳಿಗೆ ಇಷ್ಟೇ ಅಂತ ನಮಗೆ ಮಿತಿ ಹಾಕುವುದು ಅದಕ್ಕೇ.

ನೆಟ್‌ಫ್ಲಿಕ್ಸ್ ಕೂಡ ಶುರುವಾಗಿದ್ದು ಅಂಚೆಯಲ್ಲಿ ಡಿವಿಡಿ ಕಳಿಸುವ ಕಂಪನಿಯಾಗಿ. 2023ರ ಸೆಪ್ಟೆಂಬರಿನಲ್ಲಿ ಆ ಕೆಲಸ ನಿಲ್ಲಿಸಿತು. ದೊಡ್ಡ ಅಂಗಡಿಗಳೂ ಡಿವಿಡಿ ಮಾರುವುದು ಬಿಡುತ್ತಿವೆ. ಹಾಗಾಗಿ ಲೈಬ್ರರಿಯ ಈ ಕಪಾಟಿಗೆ ಈಗ ಮೊದಲಿಗಿಂತ ಜಾಸ್ತಿ ಬೆಲೆ ಇದೆ.

ಹಾಡಿನ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಂಕಟ. ಆ್ಯಪಿನಲ್ಲಿ ಒಂದು ಭಾವಗೀತೆ ಹಾಕಿ ನೋಡಿ. ಹಾಡಿದವರ ಹೆಸರು ದೊಡ್ಡದಾಗಿ ಇರುತ್ತದೆ. ಕವಿಯ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಬೇಂದ್ರೆಯವರ ಪದ್ಯವೋ, ಕೆ.ಎಸ್. ನರಸಿಂಹಸ್ವಾಮಿಯವರದೋ ಅಂತ ಮಕ್ಕಳಿಗೆ ಗೊತ್ತಾಗುವುದು ಹೇಗೆ? ಕ್ಯಾಸೆಟ್ ಕಾಲದಲ್ಲಿ ಡಬ್ಬಿಯೊಳಗಿನ ಮಡಚಿದ ಕಾಗದ ಬಿಚ್ಚಿದರೆ ಸೈಡ್ ಎ, ಸೈಡ್ ಬಿ, ಹಾಡಿನ ಪಕ್ಕದಲ್ಲೇ ಕವಿಯ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ತಬಲಾ ಯಾರು, ಕೊಳಲು ಯಾರು ಅಂತ. ಅದನ್ನು ಓದ್ತಾ ಓದ್ತಾನೇ ನಮಗೆ ಅರ್ಧ ಕನ್ನಡ ಕಾವ್ಯ ಪರಿಚಯವಾಗಿದ್ದು. ಲೈಬ್ರರಿಯ ಸಿಡಿಗಳಲ್ಲಿ ಆ ಸುಖ ಇನ್ನೂ ಇದೆ. ನನ್ನ ಮಗಳು ಒಂದು ಜಾಝ್ ಸಿಡಿ ತಂದಳು. ಒಳಗಿದ್ದ ಪುಟ್ಟ ಪುಸ್ತಕದಲ್ಲಿ ಯಾವ ತಾರೀಕು, ಯಾವ ಸ್ಟುಡಿಯೋ, ಯಾರು ಯಾವ ವಾದ್ಯ ಅಂತ ಪೂರ್ತಿ ವಿವರ. ಡ್ರಮ್ಸ್ ನುಡಿಸಿದವರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇವರು ಬೇರೆ ಯಾವುದರಲ್ಲಿ ಇದ್ದಾರೆ ಅಂತ ಲೈಬ್ರರಿಯವರನ್ನು ಕೇಳಿದಳು. ಅವರು ಕೌಂಟರಿನಿಂದ ಎದ್ದು ಬಂದು ಹುಡುಕಿಕೊಟ್ಟರು.

ಇದು ಅಮೆರಿಕದಲ್ಲಿ ಮಾತ್ರ ಆಗುವಂಥದ್ದು ಅಂತ ನನಗೆ ಅನಿಸುವುದಿಲ್ಲ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಲೈಬ್ರರಿ ನಡೆಯುವುದು ಮುಖ್ಯವಾಗಿ ಮನೆ, ಜಾಗದ ತೆರಿಗೆಯಿಂದ. ನಮ್ಮಲ್ಲೂ ಅಷ್ಟೇ ಅಲ್ವಾ? ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಅಂತ ಸೇರಿಸಿ ವಸೂಲಿ ಮಾಡುತ್ತಾರೆ. ಬೆಂಗಳೂರಿನಲ್ಲಿ ಮನೆ ಇರುವವರೆಲ್ಲ ಇದನ್ನು ಕಟ್ಟುತ್ತಲೇ ಇದ್ದಾರೆ.

ಕಾನೂನು ಅಡ್ಡ ಬರುತ್ತದೆ ಅನ್ನುವವರಿಗೂ ಉತ್ತರ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿದಾಗ, ಲಾಭದ ಉದ್ದೇಶವಿಲ್ಲದ ಲೈಬ್ರರಿ ಸರಿಯಾಗಿ ಕೊಂಡ ಹಾಡು, ಸಿನಿಮಾದ ಪ್ರತಿಯನ್ನು ಎರವಲು ಕೊಟ್ಟರೆ ಅದು ಬಾಡಿಗೆ ವ್ಯಾಪಾರ ಆಗುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ದಾರಿ ತೆರೆದೇ ಇದೆ.

ಮೊದಲು ತರಬೇಕಾದ್ದು ನಮ್ಮದನ್ನೇ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರಿಂಟೂ ಸಿಗುವುದಿಲ್ಲ. ಆ ಗತಿ ಇನ್ನೆಷ್ಟಕ್ಕೆ ಬರಬೇಕು? ಕರಾವಳಿಯ ಮನೆಗಳ ಅಟ್ಟದಲ್ಲಿ ತಾಳಮದ್ದಲೆಯ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿದೆ. ಹರಿಕಥೆ, ಗಮಕ, ಕಂಪನಿ ನಾಟಕದ ಹಾಡು, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು, ಇವೆಲ್ಲ ಜಿಲ್ಲಾ ಲೈಬ್ರರಿಯ ಒಂದು ಕಪಾಟಿನಲ್ಲಿ ಇದ್ದರೆ ಹೈಸ್ಕೂಲು ಹುಡುಗಿಯೊಬ್ಬಳು ಸುಮ್ನೆ ಕೈಗೆ ಸಿಕ್ಕಿದ್ದನ್ನು ಮನೆಗೆ ಒಯ್ಯಬಹುದು. ಹುಡುಕದೇ ಸಿಗುವುದು ಕಪಾಟಿನಲ್ಲಿ ಮಾತ್ರ. ಆ್ಯಪು ನಾವು ನಿನ್ನೆ ಕೇಳಿದಂಥದ್ದನ್ನೇ ಇವತ್ತೂ ಮುಂದೆ ಇಡುತ್ತದೆ. ಪ್ಲೇಯರ್ ಇಲ್ಲದವರಿಗೆ ಅದನ್ನೂ ಎರವಲು ಕೊಡಲಿ. ಅಮೆರಿಕದಲ್ಲಿ ಕೆಲವು ಲೈಬ್ರರಿಗಳು ಕೊಡುತ್ತವೆ.

ಹೊರದೇಶದಲ್ಲಿರುವ ಕನ್ನಡದವರಿಗೆ ಒಂದು ಮಾತು. ನಮ್ಮ ಲೈಬ್ರರಿಯಲ್ಲಿ ಹಿಂದಿ, ತಮಿಳು ಡಿವಿಡಿಗಳಿವೆ, ಕನ್ನಡದ್ದು ಇಲ್ಲ. ಯಾಕೆ ಅಂತ ಕೇಳಿದೆ. "ಯಾರೂ ಕೇಳಿಲ್ಲ" ಅಂದರು. ಇಂಥದ್ದನ್ನು ಕೊಳ್ಳಿ ಅಂತ ಬರೆದು ಕೊಡೋಕೆ ಹೆಚ್ಚಿನ ಲೈಬ್ರರಿಗಳಲ್ಲಿ ಒಂದು ಅರ್ಜಿ ಇರುತ್ತದೆ, ಕಾರ್ಡ್ ಇರುವ ಯಾರು ಬೇಕಾದರೂ ತುಂಬಬಹುದು. ಬರೆಯುವಾಗ ಎರಡು ವಿಷಯ ನೋಡಿಕೊಳ್ಳಿ. ಭಾರತದ ಡಿವಿಡಿ ರೀಜನ್ 5, ಅಮೆರಿಕದ್ದು ರೀಜನ್ 1. ಒಂದು ರೀಜನ್ನಿನ ಡಿವಿಡಿ ಇನ್ನೊಂದು ರೀಜನ್ನಿನ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಹಾಗಾಗಿ ಎಲ್ಲಾ ರೀಜನ್ನಿನಲ್ಲೂ ಓಡುವ ಪ್ರತಿಯನ್ನೇ ಕೇಳಿ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಕನ್ನಡ ಬಾರದವರೂ ತಗೊಂಡು ಹೋಗುತ್ತಾರೆ, ಜಾಸ್ತಿ ಜನ ಒಯ್ದರೆ ಲೈಬ್ರರಿಯವರು ಇನ್ನಷ್ಟು ತರಿಸುತ್ತಾರೆ. ಯುಗಾದಿ ಕಾರ್ಯಕ್ರಮದ ದಿನ ಕನ್ನಡ ಕೂಟದವರು ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿಸಿ, ಬಂದವರ ಹತ್ತಿರ ಈ ಅರ್ಜಿ ತುಂಬಿಸಿದರೆ ಒಂದೇ ಸಂಜೆಯಲ್ಲಿ ಕೆಲಸ ಆಗುತ್ತದೆ. ಆ ಮೇಜಿನ ಹತ್ತಿರ ಕೂರೋಕೆ ನಾನು ತಯಾರಿದ್ದೇನೆ.