ಐದನೆಯ ಲೈನ್

ನಮ್ಮದು ಪ್ರಿಂಟರ್ ದುರಸ್ತಿ ಮಾಡುವ ಸಣ್ಣ ಸಂಸ್ಥೆ. ಸಣ್ಣದು ಎಂಬ ಮಾತಿನಲ್ಲಿ ವಿನಯವೇನೂ ಇಲ್ಲ, ನಾವಿರುವುದೇ ನಾಲ್ವರು. ಇಬ್ಬರು ತಂತ್ರಜ್ಞರು, ಒಬ್ಬರು ಲೆಕ್ಕ ನೋಡಿಕೊಳ್ಳುವ ಹಿರಿಯರು, ಉಳಿದ ನಾನು ಮಾಲೀಕ ಎಂಬ ಹೆಸರಿನಲ್ಲಿ ಮಿಕ್ಕ ಮೂವರು ಮಾಡದೆ ಬಿಟ್ಟ ಕೆಲಸಗಳನ್ನೆಲ್ಲ ಮಾಡುವವನು. ಬಹಳ ಕಾಲ ಎಲ್ಲರೂ ಅವರವರ ಸ್ವಂತ ಫೋನ್‌ನಲ್ಲಿಯೇ ಕಚೇರಿಯ ಕೆಲಸ ನಡೆಸುತ್ತಿದ್ದೆವು. ತಿಂಗಳ ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬಿಲ್ಲಿನಲ್ಲಿ ಕಚೇರಿಯ ಪಾಲು ಇಷ್ಟು ಎಂದು ಒಂದು ಅಂದಾಜು ಹೇಳುತ್ತಿದ್ದರು. ಲೆಕ್ಕದವರು ಕನ್ನಡಕದ ಮೇಲಿನಿಂದ ಅವರನ್ನು ಒಮ್ಮೆ ನೋಡುತ್ತಿದ್ದರು. ಆ ನೋಟಕ್ಕೆ ಅಂದಾಜು ತಾನಾಗಿಯೇ ಒಂದಿಷ್ಟು ಇಳಿಯುತ್ತಿತ್ತು. ಹಿಂದೆ ಇದ್ದ ತಂತ್ರಜ್ಞರೊಬ್ಬರು ಕೆಲಸ ಬಿಡದಿದ್ದರೆ ಈ ವ್ಯವಸ್ಥೆ ಇಂದಿಗೂ ಹಾಗೆಯೇ ನಡೆಯುತ್ತಿತ್ತು.

ಅವರು ಹೋದದ್ದು ದೊಡ್ಡ ನಷ್ಟವಾಗಲಿಲ್ಲ, ಅವರ ಜೊತೆಗೆ ಅವರ ನಂಬರ್ ಹೋದದ್ದು ನಷ್ಟವಾಯಿತು. ನಮ್ಮ ಅರ್ಧಕ್ಕಿಂತ ಹೆಚ್ಚು ಗ್ರಾಹಕರ ಫೋನ್‌ಗಳಲ್ಲಿ ‘ಪ್ರಿಂಟರ್ ರಿಪೇರಿ’ ಎಂಬ ಹೆಸರಿನಡಿ ಇದ್ದುದು ಅವರದೇ ನಂಬರ್. ಮನುಷ್ಯ ಸಜ್ಜನ, ಎಂಟು ತಿಂಗಳ ಕಾಲ ಕರೆ ಮಾಡಿದವರಿಗೆಲ್ಲ ತಾಳ್ಮೆಯಿಂದ ನನ್ನ ನಂಬರ್ ಹೇಳಿ ಕಳುಹಿಸಿದರು. ಒಂಬತ್ತನೆಯ ತಿಂಗಳಿನಿಂದ, ನಂಬರ್ ಹೇಳುವುದಕ್ಕಿಂತ ರಿಪೇರಿ ಮಾಡಿಕೊಡುವುದೇ ಸುಲಭ ಎಂದು ತೋರಿತೋ ಏನೋ, ತಾವೇ ಹೋಗಿ ಮಾಡಿಕೊಡಲಾರಂಭಿಸಿದರು. ಅವರನ್ನು ದೂರುವ ಹಾಗಿರಲಿಲ್ಲ. ನಂಬರ್ ಅವರದು, ಕೈಚಳಕವೂ ಅವರದು. ನಮ್ಮದು ಎನ್ನುವಂಥದ್ದು ಅದರಲ್ಲಿ ಗ್ರಾಹಕರು ಮಾತ್ರ, ಅವರೂ ಹೊರಟಿದ್ದರು.

ಆಗ ನನಗೆ ಜ್ಞಾನೋದಯವಾಯಿತು. ಸಂಸ್ಥೆಯ ಹೆಸರಿನಲ್ಲಿಯೇ ನಂಬರ್‌ಗಳಿರಬೇಕು, ಎಲ್ಲಕ್ಕೂ ಸೇರಿ ಒಂದೇ ಬಿಲ್ ಬರಬೇಕು, ಯಾರು ಬಂದರೂ ಹೋದರೂ ನಂಬರ್ ಇಲ್ಲಿಯೇ ಉಳಿಯಬೇಕು. ಹಲವು ಲೈನ್‌ಗಳಿರುವ ಒಂದು ಅಗ್ಗದ ಪ್ಲಾನ್ ಹುಡುಕುವುದು ಒಂದು ಸಂಜೆಯ ಕೆಲಸ ಎಂದು ನಾನು ಲೆಕ್ಕದವರಿಗೆ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

ಒಂದು ಸಂಜೆಯ ಕೆಲಸ ಮೂರು ವಾರ ಹಿಡಿಯಿತು. ನಾನು ಕಂಪ್ಯೂಟರಿನಲ್ಲಿ ದೊಡ್ಡದೊಂದು ಕೋಷ್ಟಕ ಮಾಡಿದೆ. ಅಡ್ಡಸಾಲಿನಲ್ಲಿ ಕಂಪನಿಗಳು, ಉದ್ದಸಾಲಿನಲ್ಲಿ ಸೌಲಭ್ಯಗಳು. ಮೊದಲ ದಿನ ಉದ್ದಸಾಲು ಐದಿತ್ತು, ವಾರದ ಕೊನೆಗೆ ಇಪ್ಪತ್ತಮೂರಾಗಿತ್ತು. ಏಕೆಂದರೆ ಈ ಪ್ಲಾನ್‌ಗಳಲ್ಲಿ ಯಾವ ಮಾತೂ ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ, ಪ್ರತಿಯೊಂದರ ತಲೆಯ ಮೇಲೂ ಒಂದು ನಕ್ಷತ್ರವಿರುತ್ತದೆ. ಆ ನಕ್ಷತ್ರದ ಜಾಡು ಹಿಡಿದು ಪುಟದ ತಳಕ್ಕೆ ಇಳಿದರೆ ಅಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಅರ್ಥ ಮಾಡಿಕೊಳ್ಳಬಾರದೆಂಬುದನ್ನು ವಿವರವಾಗಿ ತಿಳಿಸಿರುತ್ತಾರೆ. ‘ತಿಂಗಳ ಪ್ಲಾನ್’ ಎಂದಿದ್ದ ಒಂದರ ತಿಂಗಳು 28 ದಿನಗಳದಾಗಿತ್ತು. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಿಲ್. ಹದಿಮೂರು ತಿಂಗಳ ವರ್ಷವನ್ನು ಯಾವ ಪಂಚಾಂಗವನ್ನೂ ಕೇಳದೆ ಚಾಲ್ತಿಗೆ ತಂದವರ ಧೈರ್ಯವನ್ನು ಮೆಚ್ಚಿ, ಆ ಕಂಪನಿಯನ್ನು ಕೋಷ್ಟಕದಿಂದ ಅಳಿಸಿದೆ. ಇನ್ನೊಂದು ಬಹಳ ಅಗ್ಗವಾಗಿತ್ತು, ಆದರೆ 24 ತಿಂಗಳ ಒಪ್ಪಂದ. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ದಂಡ. ನಮ್ಮ ಸಂಸ್ಥೆ 24 ತಿಂಗಳು ಇರುತ್ತದೆಯೇ ಎಂದು ಲೆಕ್ಕದವರು ಸಹಜವಾಗಿಯೇ ಕೇಳಿದ ಪ್ರಶ್ನೆ ನನ್ನನ್ನು ಎರಡು ರಾತ್ರಿ ಎಚ್ಚರವಾಗಿರಿಸಿತು.

1973ರ ಏಪ್ರಿಲ್ 3ರಂದು ನ್ಯೂಯಾರ್ಕ್‌ನ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರ್ ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನಿಂದ ಮೊದಲ ಬಾರಿಗೆ ಕರೆ ಮಾಡಿದಾಗ ಆ ಫೋನ್ ಸುಮಾರು 1.1 ಕಿಲೋ ತೂಗುತ್ತಿತ್ತಂತೆ, ಕರೆ ಹೋದದ್ದು ಎದುರಾಳಿ ಸಂಸ್ಥೆಯ ಎಂಜಿನಿಯರ್‌ಗಂತೆ. ಆ ಮನುಷ್ಯನ ಮೇಲೆ ನನಗೆ ಆ ದಿನಗಳಲ್ಲಿ ವಿಪರೀತ ಅಸೂಯೆಯಾಗುತ್ತಿತ್ತು. ತೂಕ ಎಷ್ಟಾದರೂ ಆಗಲಿ, ಆತ ಪ್ಲಾನ್ ಆರಿಸಬೇಕಾಗಿರಲಿಲ್ಲ.

ನಿಜವಾದ ತೊಡಕು ‘ಅನ್‌ಲಿಮಿಟೆಡ್’ ಎಂಬ ಪದದಲ್ಲಿತ್ತು. ಮಿತಿಯಿಲ್ಲದ ಡೇಟಾ ಎಂದು ದಪ್ಪ ಅಕ್ಷರದಲ್ಲಿ ಹಾಕಿದವರು ಮಿತಿ ಎಷ್ಟೆಂಬುದನ್ನು ನಕ್ಷತ್ರದ ಕೆಳಗೆ ಬರೆದಿದ್ದರು. ಅಷ್ಟು ಬಳಸಿದ ಮೇಲೆ ಡೇಟಾ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ, ಅಷ್ಟೇ. 64 ಎಂಬುದು ನನಗೆ ಗೌರವಸ್ಥವಾದ ಸಂಖ್ಯೆಯಾಗಿಯೇ ಕಂಡಿತು. ಕಲೆಗಳೂ ಅಷ್ಟೇ ತಾನೇ. ಲೆಕ್ಕದವರು ಮಾತ್ರ ಒಂದು ಚೀಟಿ ತೆಗೆದುಕೊಂಡು ಭಾಗಾಕಾರ ಮಾಡಿ, ಆ ವೇಗದಲ್ಲಿ ಒಂದು ಜಿಬಿ ಇಳಿಯಬೇಕಾದರೆ 34 ಗಂಟೆಗಿಂತ ಹೆಚ್ಚು ಬೇಕು ಎಂದರು. ಕಿಲೋಬಿಟ್ ಬೇರೆ, ಕಿಲೋಬೈಟ್ ಬೇರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನನಗೆ ಗೊತ್ತಿರುವುದು ಬೇಕಾದ ಹೊತ್ತಿಗೆ ಬರುವುದಿಲ್ಲ.

“ಅದಿರಲಿ ಸಾರ್, ನಮ್ಮಲ್ಲಿ ಯಾರು ಎಷ್ಟು ಬಳಸುತ್ತಾರೆ ಎಂದು ನೋಡಿದ್ದೀರಾ?” ಎಂದು ಅವರು ಕೇಳಿದರು. ಎಲ್ಲರ ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಕಳೆದ ತಿಂಗಳುಗಳ ಬಳಕೆ ಇರುತ್ತದೆ, ಅದನ್ನು ಬರೆದುಕೊಂಡರೆ ಸಾಕು ಎಂಬುದು ಅವರ ಸಲಹೆ. ಅದು ಹತ್ತು ನಿಮಿಷದ ಕೆಲಸ. ಮೂರು ವಾರ ಕೋಷ್ಟಕ ಕಟ್ಟಿದವನಿಗೆ ಹತ್ತು ನಿಮಿಷದ ಕೆಲಸ ಹಿಡಿಸಲಿಲ್ಲ. ಬಾಯಿಮಾತಿನಲ್ಲಿಯೇ ವಿಚಾರಿಸಿದೆ. “ನಾನು ಬಳಸುವುದೇ ಕಡಿಮೆ ಸಾರ್” ಎಂದು ತಂತ್ರಜ್ಞರಿಬ್ಬರೂ ಒಂದೇ ಉಸಿರಿಗೆ ಹೇಳಿದರು. ನಾನೂ ನನ್ನ ಕೋಷ್ಟಕದಲ್ಲಿ ನನ್ನ ಹೆಸರಿನ ಮುಂದೆ ‘ಕಡಿಮೆ’ ಎಂದೇ ಬರೆದುಕೊಂಡೆ.

ಕೊನೆಗೆ ಉಳಿದ ಒಂದು ಕಂಪನಿಯ ಮಾರಾಟ ಪ್ರತಿನಿಧಿ ಕರೆ ಮಾಡಿದರು. ಅವರ ಪ್ಲಾನಿನಲ್ಲಿ ಎಲ್ಲ ಲೈನ್‌ಗಳಿಗೂ ಸೇರಿ ಒಂದೇ ಡೇಟಾ. ಬಾವಿ ಒಂದು, ಸೇದುವ ಹಗ್ಗ ಹಲವು. ಒಬ್ಬರು ಕಡಿಮೆ ಸೇದಿದರೆ ಇನ್ನೊಬ್ಬರು ಹೆಚ್ಚು ಸೇದಬಹುದು. ನನಗೆ ಹಿಡಿಸಿತು. ನಾಲ್ಕು ಲೈನಿಗೆ ಎಷ್ಟಾಗುತ್ತದೆ ಎಂದು ಕೇಳಿದೆ.

“ಐದು ತೆಗೆದುಕೊಳ್ಳಿ ಸಾರ್, ಕಡಿಮೆಯಾಗುತ್ತದೆ.”

“ನಾವು ಇರುವುದೇ ನಾಲ್ವರು.”

“ಐದರಿಂದ ಮೇಲೆ ಪ್ರತಿ ಲೈನಿನ ದರ ಇಳಿಯುತ್ತದೆ ಸಾರ್. ನಾಲ್ಕರ ಒಟ್ಟಿಗಿಂತ ಐದರ ಒಟ್ಟೇ ಕಡಿಮೆ. ಮತ್ತೆ, ನಿಮ್ಮ ಸಂಸ್ಥೆ ಬೆಳೆಯುವುದಿಲ್ಲವೇ?”

ಲೆಕ್ಕ ಹಾಕಿ ನೋಡಿದೆ, ಮಾತು ನಿಜವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಸಂಸ್ಥೆ ಬೆಳೆಯುತ್ತದೆ ಎಂದು ನನ್ನ ಮುಖಕ್ಕೆ ಹೇಳಿದ ಮೊದಲ ಮನುಷ್ಯ ಅವರು. ಐದು ಎಂದೆ.

ಹಳೆಯ ನಂಬರ್‌ಗಳನ್ನು ಹೊಸ ಕಂಪನಿಗೆ ವರ್ಗಾಯಿಸುವ ಕೆಲಸದಲ್ಲಿ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ನಾನು ಶಿಸ್ತಿನ ಮನುಷ್ಯನಂತೆ ಮೊದಲು ಹಳೆಯ ಸಂಪರ್ಕವನ್ನು ರದ್ದುಪಡಿಸಲು ಫೋನ್ ಎತ್ತಿದ್ದೆ. ರದ್ದಾದ ನಂಬರನ್ನು ವರ್ಗಾಯಿಸಲು ಆಗುವುದಿಲ್ಲ, ವರ್ಗವಾದರೆ ಹಳೆಯದು ತಾನಾಗಿಯೇ ಮುಗಿಯುತ್ತದೆ ಎಂದು ಲೆಕ್ಕದವರು ಫೋನನ್ನು ನನ್ನ ಕೈಯಿಂದಲೇ ತೆಗೆದು ಕೆಳಗಿಟ್ಟರು.

ಸಿಮ್‌ಗಳು ಬಂದವು. 1991ರಲ್ಲಿ ಬಂದ ಮೊದಲ ಸಿಮ್‌ಗಳು ಎಟಿಎಂ ಕಾರ್ಡಿನಷ್ಟು ಅಗಲವಾಗಿದ್ದವು; ಈಗಿನ ನ್ಯಾನೊ ಸಿಮ್ಮಿನ ಅಳತೆ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ. ಇದನ್ನು ಪ್ರಗತಿ ಎನ್ನುತ್ತಾರೆ. ಐದನ್ನೂ ಚೌಕಟ್ಟಿನಿಂದ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದರ ಮುಂದೆ ಒಂದು ಹೆಸರಿನ ಚೀಟಿ ಇಟ್ಟು, ಅಚ್ಚುಕಟ್ಟಾಗಿ ಜೋಡಿಸಿ ಮುಗಿಸಿದ ಗಳಿಗೆಯಲ್ಲಿ ನನಗೆ ಸೀನು ಬಂತು. ನಾಲ್ಕು ಸಿಕ್ಕವು, ಐದನೆಯದನ್ನು ಕೀಬೋರ್ಡನ್ನು ಬೋರಲು ಹಾಕಿ ಬಡಿದು ಹೊರತೆಗೆದೆವು. ಯಾವುದು ಯಾರದು ಎಂಬುದು ನನ್ನ ನೆನಪಿನ ಮೇಲೆ ನಿರ್ಧಾರವಾಯಿತು. ಪರಿಣಾಮವಾಗಿ ಮರುದಿನವಿಡೀ ಗ್ರಾಹಕರು ಲೆಕ್ಕದವರಿಗೆ ಕರೆ ಮಾಡಿ ಕಾಗದ ಸಿಕ್ಕಿಹಾಕಿಕೊಂಡಿದೆ ಎಂದರು, ಅವರು ಗಂಭೀರವಾಗಿ ಎಳೆದು ತೆಗೆಯಿರಿ ಎಂದರು. ಅಂದು ಬಂದ ಒಂಬತ್ತು ದೂರುಗಳಲ್ಲಿ ಏಳು ಅಷ್ಟಕ್ಕೇ ಸರಿಹೋದವೆಂಬುದನ್ನು ನಾನು ತಂತ್ರಜ್ಞರಿಗೆ ಇನ್ನೂ ಹೇಳಿಲ್ಲ.

ಇನ್ನು ಗ್ರಾಹಕರಿಗೆ ತಿಳಿಸಬೇಕಿತ್ತು: ಇನ್ನು ಮುಂದೆ ದುರಸ್ತಿಗೆ ಈ ನಂಬರ್‌ಗಳಿಗೇ ಕರೆ ಮಾಡಿ, ಹಳೆಯ ನಂಬರಿನ ಗೊಂದಲಕ್ಕೆ ಕ್ಷಮಿಸಿ ಎಂದು. ಒಳ್ಳೆಯ ಕನ್ನಡದಲ್ಲಿ ಬರೆದು 300 ಮಂದಿಗೆ ಎಸ್‌ಎಂಎಸ್ ಕಳುಹಿಸಿದೆ. ಬಿಲ್ಲಿನಲ್ಲಿ 900 ಎಂದು ಬಂತು. ಕೇಳಿದಾಗ ತಿಳಿಯಿತು: ಒಂದು ಎಸ್‌ಎಂಎಸ್‌ನಲ್ಲಿ ಇರುವುದು 140 ಬೈಟ್ ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ ಅದರಲ್ಲಿ 160 ಹಿಡಿಯುತ್ತವೆ. ಕನ್ನಡಕ್ಕೆ ಹದಿನಾರು ಬಿಟ್ ಬೇಕಾದ್ದರಿಂದ 70 ಮಾತ್ರ. ಸಂದೇಶ ಉದ್ದವಾಗಿ ತುಂಡಾದರೆ ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೂ ಜಾಗ ಹೋಗಿ, ಒಂದೊಂದು ತುಂಡಿನಲ್ಲಿ ಉಳಿಯುವುದು 67. ಅದರ ಮೇಲೆ ನಮ್ಮ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಲೆಕ್ಕ. ‘ಕ್ಷಮಿಸಿ’ ಎಂಬುದು ನಮಗೆ ಮೂರಕ್ಷರ, ಯಂತ್ರಕ್ಕೆ ಏಳು. ಕ್ಷಮೆ ಕೇಳುವುದು ಇಷ್ಟು ದುಬಾರಿ ಎಂದು ಮೊದಲೇ ಗೊತ್ತಿದ್ದರೆ ನಾನು ಆ ಗೊಂದಲವನ್ನು ಸಮರ್ಥಿಸಿಕೊಂಡುಬಿಡುತ್ತಿದ್ದೆ.

ಇಷ್ಟಾದರೂ ಒಟ್ಟಾರೆ ಉಳಿತಾಯವೇ ಆಗಿತ್ತು. ಹನ್ನೊಂದನೆಯ ದಿನದವರೆಗೆ.

ಹನ್ನೊಂದನೆಯ ದಿನ ಬೆಳಿಗ್ಗೆ ತಂತ್ರಜ್ಞರೊಬ್ಬರು ಗ್ರಾಹಕರ ಕಚೇರಿಯಿಂದ, ಮುರಿದ ಗೇರಿನ ಫೋಟೊ ಕಳುಹಿಸಿದ್ದೇನೆ, ನೋಡಿ ಎಂದು ಕರೆ ಮಾಡಿದರು. ಫೋಟೊ ಬರಲಿಲ್ಲ. ಐದು ಎಂಬಿಯ ಆ ಫೋಟೊ ಹತ್ತು ನಿಮಿಷಕ್ಕೂ ಮೀರಿ ತೆವಳಿಕೊಂಡು ಬಂದು ಮುಟ್ಟುವ ಹೊತ್ತಿಗೆ ಅವರು ಬೇರೊಂದು ಗೇರ್ ಹುಡುಕಿ ಜೋಡಿಸಿ ಮುಗಿಸಿದ್ದರು. ಇನ್ನೊಬ್ಬರ ಮ್ಯಾಪ್ ಅರ್ಧ ದಾರಿಯಲ್ಲಿ ಸ್ತಬ್ಧವಾಗಿ, ಅವರು ದಾರಿಹೋಕರನ್ನು ಕೇಳಿಕೊಂಡು ಹೋದರು. ಎಂದಿಗಿಂತ ಬೇಗ ತಲುಪಿದರು ಎಂಬುದು ಬೇರೆ ಮಾತು. ತಿಂಗಳ ಡೇಟಾ ಹನ್ನೊಂದೇ ದಿನಕ್ಕೆ ಮುಗಿದು, ನಾವು 64ರ ಲೋಕಕ್ಕೆ ಬಂದು ಬಿದ್ದಿದ್ದೆವು. ಬಾವಿಯ ತಳ ಕಾಣುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಸಿಕ್ಕೇ ಸಿಗುತ್ತಾನೆ ಎಂದು ನಂಬಿ ನಾನು ಸೂಚನೆಯೊಂದನ್ನು ಬರೆದು ಗೋಡೆಗೆ ಅಂಟಿಸಿದೆ. ಕೆಲಸದ ವೇಳೆಯಲ್ಲಿ ವಿಡಿಯೊ ನೋಡುವುದು ಸಂಸ್ಥೆಯ ಹಿತಕ್ಕೆ ಮಾರಕವೆಂದೂ, ಹಂಚಿಕೊಂಡ ಸಂಪತ್ತನ್ನು ಒಬ್ಬರೇ ಕಬಳಿಸುವುದು ಸಜ್ಜನಿಕೆಯಲ್ಲವೆಂದೂ, ಸಂಬಂಧಪಟ್ಟವರು ತಾವಾಗಿಯೇ ಮುಂದೆ ಬಂದು ಒಪ್ಪಿಕೊಂಡರೆ ವಿಷಯವನ್ನು ಅಲ್ಲಿಗೇ ಬಿಡಲಾಗುವುದೆಂದೂ ಅದರಲ್ಲಿತ್ತು. ‘ಕಬಳಿಸು’ ಎಂಬ ಪದ ನನಗೆ ವಿಶೇಷವಾಗಿ ಇಷ್ಟವಾಗಿತ್ತು. ತಂತ್ರಜ್ಞರಿಬ್ಬರೂ ಸೂಚನೆಯನ್ನು ಓದಿ ಒಬ್ಬರ ಹೆಗಲನ್ನು ಒಬ್ಬರು ನೋಡಿದರು. ಯಾರೂ ಮುಟ್ಟಿಕೊಳ್ಳಲಿಲ್ಲ. ನಂತರದ ನಾಲ್ಕು ದಿನ ಕಚೇರಿಯಲ್ಲಿ ಕೆಲಸಕ್ಕೆ ಬೇಕಾದಷ್ಟು ಮಾತು ಮಾತ್ರ ನಡೆಯಿತು.

ಐದನೆಯ ದಿನ ಲೆಕ್ಕದವರು ಕಂಪನಿಯ ಆ್ಯಪ್‌ನಲ್ಲಿ ಲೈನ್‌ವಾರು ಬಳಕೆಯ ಪಟ್ಟಿ ಸಿಗುತ್ತದೆಂದು ಕಂಡುಹಿಡಿದು, ಅದನ್ನು ಮುದ್ರಿಸಿ ತಂದು ನನ್ನ ಮುಂದಿಟ್ಟರು. ಮೊದಲ ತಂತ್ರಜ್ಞರು: ಅತ್ಯಲ್ಪ. ಎರಡನೆಯವರು: ಅದಕ್ಕಿಂತ ತುಸು ಹೆಚ್ಚು. ಲೆಕ್ಕದವರು: ಇದೆಯೋ ಇಲ್ಲವೋ ಎಂಬಷ್ಟು. ನಾನು: ಹೇಳಿಕೊಳ್ಳುವಷ್ಟೇನಲ್ಲ. ಐದನೆಯ ಲೈನ್: ಉಳಿದದ್ದೆಲ್ಲ.

ಐದನೆಯ ಲೈನಿಗೆ ಮನುಷ್ಯರೇ ಇರಲಿಲ್ಲವಲ್ಲ. ಸುಮ್ಮನೆ ಇರುವ ಸಿಮ್ಮಿಗೆ ಒಂದು ನೆಲೆ ಇರಲಿ ಎಂದು ನನ್ನ ಹಳೆಯ ಫೋನಿಗೆ ಅದನ್ನು ಹಾಕಿ, ಬ್ಯಾಂಕಿನ ಒಟಿಪಿಗಳು ಅದಕ್ಕೇ ಬರುವಂತೆ ಮಾಡಿ, ಚಾರ್ಜರ್ ಚುಚ್ಚಿ ಮೇಜಿನ ಎರಡನೆಯ ಡ್ರಾಯರ್‌ನಲ್ಲಿ ಇಟ್ಟಿದ್ದೆ. ಡ್ರಾಯರ್‌ನಲ್ಲಿರುವ ಫೋನಿಗೆ ವೈಫೈ ಏಕೆ ಎಂದು ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಸಿಮ್ ಹಾಕಿದ ದಿನ ಅದು ಸಾಲಾಗಿ ಏನೇನೋ ಕೇಳಿತ್ತು, ನಾನು ಸಾಲಾಗಿ ‘ಒಪ್ಪಿದೆ’ ಎಂದು ಒತ್ತಿದ್ದೆ. ಅವುಗಳಲ್ಲಿ ಒಂದು, ಫೋನಿನಲ್ಲಿರುವ ಫೋಟೊ ಮತ್ತು ವಿಡಿಯೊಗಳನ್ನೆಲ್ಲ ವೈಫೈ ಇಲ್ಲದಿದ್ದರೂ ಮೊಬೈಲ್ ಡೇಟಾದಲ್ಲಿಯೇ ಕ್ಲೌಡ್‌ಗೆ ಏರಿಸಲೇ ಎಂಬ ಪ್ರಶ್ನೆಯಾಗಿತ್ತು. ಅದರಲ್ಲಿದ್ದುದು ಏಳು ವರ್ಷಗಳ ಸಂಗ್ರಹ. ಬಹುಪಾಲು, ಕಿಸೆಯಲ್ಲಿದ್ದಾಗ ತಾನಾಗಿ ಚಾಲೂ ಆದ ಕ್ಯಾಮೆರಾ ಚಿತ್ರಿಸಿಕೊಂಡ ಕತ್ತಲೆಯ ವಿಡಿಯೊಗಳು. ಡ್ರಾಯರಿನ ಕತ್ತಲೆಯಲ್ಲಿ ಕುಳಿತು ನನ್ನ ಕಿಸೆಯ ಕತ್ತಲೆಯನ್ನು ಅದು ಹಗಲೂ ರಾತ್ರಿ ಶ್ರದ್ಧೆಯಿಂದ ಆಕಾಶಕ್ಕೆ ಏರಿಸುತ್ತಿತ್ತು. ನಮ್ಮ ಸಂಸ್ಥೆಯಲ್ಲಿ ಅಷ್ಟು ಶ್ರದ್ಧೆಯಿಂದ ದುಡಿಯುವವರು ಬೇರೆ ಯಾರೂ ಇಲ್ಲ.

ಲೆಕ್ಕದವರು ಏನೂ ಹೇಳಲಿಲ್ಲ. ಫೋನಿನಲ್ಲಿ ಆ ಒಂದು ಆಯ್ಕೆಯನ್ನು ಆಫ್ ಮಾಡಿ, ಡ್ರಾಯರ್ ಮುಚ್ಚಿ, ತಮ್ಮ ಪುಸ್ತಕದಲ್ಲಿ ಅಲ್ಲಿಯವರೆಗೆ ಖಾಲಿ ಬಿಟ್ಟಿದ್ದ ಐದನೆಯ ಲೈನಿನ ಬಳಕೆದಾರರ ಹೆಸರನ್ನು ದುಂಡಗೆ ಬರೆದುಕೊಂಡರು: ‘ಸಾರ್ ಅವರ ಮೇಜು, ಎರಡನೆಯ ಡ್ರಾಯರ್’.

ಗೋಡೆಯ ಸೂಚನೆಯನ್ನು ಎಲ್ಲರೂ ಹೋದ ಮೇಲೆ ತೆಗೆದುಬಿಡೋಣ ಎಂದು ಸಂಜೆಯವರೆಗೆ ಕಾದೆ. ಹತ್ತಿರ ಹೋಗಿ ನೋಡಿದರೆ, ‘ಸಂಬಂಧಪಟ್ಟವರು’ ಎಂಬುದನ್ನು ಯಾರೋ ಪೆನ್ಸಿಲಿನಲ್ಲಿ ನವಿರಾಗಿ ಹೊಡೆದುಹಾಕಿ, ಮೇಲೆ ‘ಡ್ರಾಯರ್ ಅವರು’ ಎಂದು ತಿದ್ದಿದ್ದರು.