ಅಳೆಯಲಿ, ಆದರೆ ಅಂಕಿ ಇಬ್ಬರಿಗೂ ಕಾಣಲಿ

ಮಾರ್ಚ್ ಹತ್ತಿರವಾಗುತ್ತಿದ್ದಂತೆ ನಮ್ಮ ಶಿವಮೊಗ್ಗ ಜಿಲ್ಲೆಯ ಸೊಸೈಟಿಗಳಿಗೆ, ಅಡಿಕೆ ಮಂಡಿಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ ಸಾಫ್ಟ್‌ವೇರ್ ಕಂಪನಿಗಳಿಂದ ಒಂದು ಬಗೆಯ ಮೇಲ್ ಬರಲು ಶುರುವಾಗುತ್ತದೆ. ‘ನಿಮ್ಮ ಬಳಕೆ ಕರಾರಿನ ಮಿತಿ ದಾಟಿದೆ, ಹೆಚ್ಚುವರಿ ಹಣ ಕಟ್ಟಿ.’ ಇದಕ್ಕೆ ನಮ್ಮ ಕಡೆ ಎರಡೇ ಥರದ ಉತ್ತರ. ಹೆದರಿ ಕೇಳಿದಷ್ಟು ಕಟ್ಟುವುದು, ಇಲ್ಲವೇ ‘ನಮ್ಮ ಕಂಪ್ಯೂಟರ್ ಒಳಗೆ ಇಣುಕೋಕೆ ಇವರ್ಯಾರು’ ಅಂತ ಸಿಟ್ಟಾಗಿ ಮೇಲನ್ನು ಹಾಗೇ ಬಿಟ್ಟುಬಿಡುವುದು. ಎರಡೂ ತಪ್ಪು.

ಬಳಕೆಯನ್ನು ಅಳೆಯುವ ಹಕ್ಕು ಸಾಫ್ಟ್‌ವೇರ್ ಕೊಟ್ಟವನಿಗೆ ಇದೆ. ನಾವು ಕೊಳ್ಳುವುದು ಸಾಫ್ಟ್‌ವೇರನ್ನಲ್ಲ, ಇಷ್ಟು ಜನ ಇಷ್ಟು ದಿನ ಬಳಸಬಹುದು ಎಂಬ ಅನುಮತಿಯನ್ನು. ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಆದ್ದರಿಂದ ಅಳೆಯುವುದೇ ಅನ್ಯಾಯ ಅಂತ ನಾನು ಹೇಳಲಾರೆ. ನನ್ನ ತಕರಾರು ಬೇರೆ. ಮಂಡಿಯಲ್ಲಿ ಅಡಿಕೆ ಮೂಟೆ ತೂಗುವಾಗ ತಕ್ಕಡಿಯ ಅಂಕಿ ಬೆಳೆಗಾರನಿಗೂ ಕಾಣಬೇಕು, ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ ಇರಬೇಕು. ಬಳಕೆ ಎಣಿಸುವ ಸಾಫ್ಟ್‌ವೇರ್ ಮೀಟರಿಗೆ ಅಂಥ ಮುದ್ರೆ ಹಾಕುವವರು ಯಾರೂ ಇಲ್ಲ. ಇರುವುದು ಕರಾರಿನ ಒಂದು ಕಲಂ ಮಾತ್ರ. ಸಹಿ ಹಾಕುವ ದಿನ ಅದನ್ನು ಓದುವವರು ಬಹಳ ಕಡಿಮೆ.

ಮೊದಲು ನೋಡಬೇಕಾದ್ದು ಏನನ್ನು ಎಣಿಸುತ್ತಾರೆ ಎಂಬುದನ್ನು. ಹೆಸರಿಗೊಂದು ಐಡಿಯೋ, ಏಕಕಾಲಕ್ಕೆ ಒಳಗಿರುವವರ ಸಂಖ್ಯೆಯೋ, ಕಂಪ್ಯೂಟರುಗಳ ಲೆಕ್ಕವೋ, ಕಳಿಸಿದ ಮೆಸೇಜುಗಳ ಲೆಕ್ಕವೋ? ಈ ಅಳತೆಗೋಲು ಬದಲಾದರೆ, ಬಳಕೆ ಒಂದಿಷ್ಟೂ ಹೆಚ್ಚದೆ ಬಿಲ್ ಮೇಲೇರುತ್ತದೆ. ಒರಾಕಲ್ ಕಂಪನಿ 2023ರ ಜನವರಿಯಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿನ ಚಂದಾವನ್ನು ಒಟ್ಟು ನೌಕರರ ಲೆಕ್ಕಕ್ಕೆ ತಂದಿತು. ಅಲ್ಲಿಂದೀಚೆಗೆ ಆ ಚಂದಾ ಪಡೆಯುವ ಸಂಸ್ಥೆ ಜಾವಾ ಮುಟ್ಟದ ನೌಕರರನ್ನೂ ಲೆಕ್ಕಕ್ಕೆ ಸೇರಿಸಬೇಕು. ವಾಟ್ಸ್ಆ್ಯಪ್ ಬಿಸಿನೆಸ್ ದರ ಮೊದಲು ಸಂಭಾಷಣೆಗೆ ಇಷ್ಟು ಅಂತ ಇದ್ದದ್ದು 2025ರ ಜುಲೈ 1ರಿಂದ ಟೆಂಪ್ಲೇಟ್ (ಮೊದಲೇ ಸಿದ್ಧ ಮಾಡಿಟ್ಟ ಮಾದರಿ) ಮೆಸೇಜ್ ಒಂದಕ್ಕೆ ಇಷ್ಟು ಅಂತ ಆಯಿತು.

ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸುವ ಸೊಸೈಟಿಗಳು ಇನ್ನೊಂದು ವಿಷಯ ತಿಳಿದಿರಲೇಬೇಕು. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಯೂನಿಕೋಡ್ ಆದರೆ 70. ಅದಕ್ಕಿಂತ ಉದ್ದವಾದರೆ 67ರಂತೆ ತುಂಡಾಗುತ್ತದೆ, ತುಂಡಿಗೊಂದು ಚಾರ್ಜು. ಜೊತೆಗೆ, ಗುಣಿತವೂ ಒತ್ತೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಶಿವಮೊಗ್ಗ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಮೀಟರಿಗೆ 8. ‘ತೀರ್ಥಹಳ್ಳಿ’ಯೂ ನಾಲ್ಕೇ ಅಕ್ಷರ, ಮೀಟರಿಗೆ 10. ಮೀಟರ್ ಲೆಕ್ಕದಲ್ಲಿ 150 ಆಗುವ ಸಾಲದ ಕಂತಿನ ಸಂದೇಶ ಇಂಗ್ಲಿಷಿನಲ್ಲಾದರೆ ಒಂದು, ಕನ್ನಡದಲ್ಲಾದರೆ ಮೂರು. ಇದರಲ್ಲಿ ಮೋಸವೇನಿಲ್ಲ, ವ್ಯವಸ್ಥೆ ಇರುವುದೇ ಹಾಗೆ. ಆದರೆ ‘ತಿಂಗಳಿಗೆ 10 ಸಾವಿರ ಎಸ್ಸೆಮ್ಮೆಸ್’ ಅಂತ ಕರಾರು ಮಾಡಿಕೊಂಡವರು, ಕನ್ನಡದಲ್ಲಿ ಕಳಿಸಿದರೆ ಅಷ್ಟರಲ್ಲಿ ಎಷ್ಟು ಸದಸ್ಯರಿಗೆ ಮುಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಟೆಂಪ್ಲೇಟನ್ನು 70ರೊಳಗೆ ಬಿಗಿಯಾಗಿ ಬರೆದರೆ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನು ನಮ್ಮ ಮಳೆಗಾಲ. ಏಕಕಾಲದ ಬಳಕೆದಾರರನ್ನು ಎಣಿಸುವ ಕರಾರುಗಳಲ್ಲಿ ಮಲೆನಾಡಿನವರಿಗೆ ಅತಿ ಹೆಚ್ಚು ಏಟು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೊಸನಗರದ ಕಡೆಯ ಒಂದು ಶಾಖೆ ಅಂದುಕೊಳ್ಳಿ. ನಾಲ್ವರು ಗುಮಾಸ್ತರು, ಐದು ಜನರ ಲೈಸೆನ್ಸ್. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿದರೂ ಮೋಡೆಮ್ ಸತ್ತಿರುತ್ತದೆ. ನಾಲ್ವರೂ ಲಾಗೌಟ್ ಆಗಿಲ್ಲವಾದ್ದರಿಂದ ಸರ್ವರ್ ಪಾಲಿಗೆ ಅವರಿನ್ನೂ ಒಳಗೇ ಇದ್ದಾರೆ. ಹತ್ತು ನಿಮಿಷಕ್ಕೆ ಕರೆಂಟ್ ಬಂದು ಮತ್ತೆ ಲಾಗಿನ್ ಆದರೆ ಹಳೆಯ ನಾಲ್ಕು, ಹೊಸ ನಾಲ್ಕು, ಒಟ್ಟು ಎಂಟು. ಮಿತಿಯನ್ನು ಕಟ್ಟುನಿಟ್ಟಾಗಿ ಹಾಕಿದ್ದರೆ ಮೂವರು ಒಳಗೆ ಹೋಗಲಾಗದೆ ಕೂರುತ್ತಾರೆ. ಸಡಿಲವಾಗಿದ್ದರೆ ಇನ್ನೂ ಕಷ್ಟ, ‘ಗರಿಷ್ಠ ಬಳಕೆ 8’ ಅಂತ ದಾಖಲಾಗಿ ಮಾರ್ಚ್‌ನಲ್ಲಿ ಬಿಲ್ಲಾಗಿ ಬರುತ್ತದೆ. ಪರಿಹಾರ ಕಷ್ಟದ್ದಲ್ಲ. ಮೋಡೆಮ್ ಮತ್ತು ಸ್ವಿಚ್ಚನ್ನೂ ಯುಪಿಎಸ್‌ಗೆ ಕೊಡಿ. ಸುಮ್ಮನಿರುವ ಸೆಷನ್ (ತೆರೆದಿರುವ ಲಾಗಿನ್) 10 ನಿಮಿಷಕ್ಕೆ ಕಡಿದುಹೋಗುವಂತೆ, ಅದೇ ಐಡಿ ಮತ್ತೆ ಬಂದರೆ ಹಳೆಯದು ತಾನೇ ಮುಚ್ಚುವಂತೆ ಹೊಂದಿಸಲು ಕೇಳಿ. ಗರಿಷ್ಠವನ್ನು ಒಂದು ಕ್ಷಣದ ಏರಿಕೆಯಿಂದ ಲೆಕ್ಕ ಹಾಕಬಾರದು, ಕನಿಷ್ಠ 30 ನಿಮಿಷ ನಿಂತ ಸಂಖ್ಯೆಯಾಗಿರಬೇಕು ಅಂತ ಕರಾರಿನಲ್ಲೇ ಬರೆಸಿ.

ಸಿಡಿಲಿನದ್ದೂ ಇಂಥದೇ ಕಥೆ. ಏಪ್ರಿಲ್-ಮೇ ಗುಡುಗಿನಲ್ಲಿ ಲ್ಯಾನ್ ಕಾರ್ಡೋ ಮದರ್‌ಬೋರ್ಡೋ ಸುಟ್ಟು ಹೊಸದು ಹಾಕಿದಿರಿ. ಲೈಸೆನ್ಸನ್ನು ಹಳೆಯ ಹಾರ್ಡ್‌ವೇರಿಗೆ ಕಟ್ಟಿದ್ದರೆ ಅದೇ ಮೇಜಿನ ಅದೇ ಕಂಪ್ಯೂಟರ್ ಮೀಟರಿಗೆ ಹೊಸ ಯಂತ್ರ. ರಿಪೇರಿ ಬಿಲ್ ಎಸೆಯಬೇಡಿ. ಹಳೆಯ ಯಂತ್ರವನ್ನು ಪಟ್ಟಿಯಿಂದ ತೆಗೆಯುವಂತೆ ಆ ವಾರವೇ ಮೇಲ್ ಹಾಕಿ.

ಕೊಯ್ಲಿನ ಕಾಲಕ್ಕೆ ಅಂತ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಐಡಿ ಹೆಚ್ಚಿಸಿಕೊಳ್ಳುವ ಮಂಡಿಯವರು ಇನ್ನೊಂದು ಪ್ರಶ್ನೆ ಕೇಳಬೇಕು. ಸಂಖ್ಯೆ ಏರಿಸಿದ ಮೇಲೆ ಇಳಿಸಲು ಬರುತ್ತದೆಯೇ? ಎಷ್ಟೋ ವಾರ್ಷಿಕ ಕರಾರುಗಳಲ್ಲಿ ಮಧ್ಯದಲ್ಲಿ ಇಳಿಸುವ ದಾರಿಯೇ ಇರುವುದಿಲ್ಲ, ಐದು ತಿಂಗಳ ಅಗತ್ಯಕ್ಕೆ ಹನ್ನೆರಡು ತಿಂಗಳ ಹಣ ಹೋಗುತ್ತದೆ.

‘ನಿಮ್ಮ ಐಡಿ ಒಂದೇ ಹೊತ್ತಿಗೆ ಎರಡು ಊರಿನಲ್ಲಿ ಬಳಕೆಯಾಗಿದೆ’ ಎಂಬ ಆರೋಪವೂ ಬರುತ್ತದೆ. ಒಂದೇ ಪಾಸ್‌ವರ್ಡನ್ನು ನಾಲ್ವರು ಬಳಸುವ ಅಭ್ಯಾಸ ನಮ್ಮಲ್ಲಿ ಇರುವುದು ನಿಜ, ಅದು ಕರಾರು ಮುರಿದಂತೆಯೇ, ಬಿಡಲೇಬೇಕು. ಆದರೆ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ) ನೋಡಿ ಊರು ಹೇಳುವುದು ಭರವಸೆಯ ಸಾಕ್ಷಿಯಲ್ಲ. ಸಾಗರದಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವನ ಐಪಿ ಬೆಂಗಳೂರಿನದ್ದೋ ಚೆನ್ನೈನದ್ದೋ ಅಂತ ಕಾಣಬಹುದು. ಬೆಳಿಗ್ಗೆ ಬ್ರಾಡ್‌ಬ್ಯಾಂಡ್, ಮಧ್ಯಾಹ್ನ ಮೊಬೈಲ್ ಅಂತ ಬದಲಾಯಿಸಿದರೂ ಅವನು ಎರಡೂರಿನವನಾಗುತ್ತಾನೆ. ಸಮಯದ್ದೂ ನೋಡಿ. ಬಹಳಷ್ಟು ಮೀಟರುಗಳು ಯುಟಿಸಿ ಎಂಬ ಅಂತರರಾಷ್ಟ್ರೀಯ ಗಡಿಯಾರದಲ್ಲಿ ಓಡುತ್ತವೆ, ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಿಗ್ಗೆ 5:30ಕ್ಕೆ. ಏಪ್ರಿಲ್ 1ರ ರಾತ್ರಿ 2 ಗಂಟೆಗೆ ಓಡಿದ ಬ್ಯಾಕಪ್ ಅವರ ಲೆಕ್ಕದಲ್ಲಿ ಮಾರ್ಚ್ 31ರದ್ದು, ಅಂದರೆ ಹಳೆಯ ವರ್ಷದ್ದು.

ಪರೋಕ್ಷ ಬಳಕೆ ಎಂಬ ಗುಂಡಿ ಇನ್ನೊಂದು. 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಬೇರೆ ಆ್ಯಪಿನ ಮೂಲಕ ಎಸ್‌ಎಪಿ ಎಂಬ ಕಂಪನಿಯ ವ್ಯವಹಾರ ಸಾಫ್ಟ್‌ವೇರನ್ನು ತಲುಪುತ್ತಿದ್ದ, ಮದ್ಯ ತಯಾರಿಸುವ ಡಿಯಾಜಿಯೊ ಕಂಪನಿಯ ಗ್ರಾಹಕರಿಗೂ ಲೈಸೆನ್ಸ್ ಬೇಕಿತ್ತು ಎಂದು ಹೇಳಿತು. ಎಸ್‌ಎಪಿ ಕೇಳಿದ್ದು 5 ಕೋಟಿ ಪೌಂಡಿಗೂ ಹೆಚ್ಚು. ನಮ್ಮ ಮಟ್ಟದಲ್ಲಿ ಇದರ ಅರ್ಥ ಇಷ್ಟು: ಸೊಸೈಟಿಯ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಸದಸ್ಯರ ಮೊಬೈಲ್ ಆ್ಯಪ್ ಜೋಡಿಸುವ ಮೊದಲು, ಆ್ಯಪ್ ಬಳಸುವ ಸದಸ್ಯರನ್ನೂ ಬಳಕೆದಾರರೆಂದು ಎಣಿಸುತ್ತೀರಾ ಅಂತ ಲಿಖಿತವಾಗಿ ಕೇಳಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವುದು ಎಣಿಕೆಯ ನೆಪದಲ್ಲಿ ಬೇರೇನು ಹೊರಗೆ ಹೋಗುತ್ತಿದೆ ಎಂಬುದು. ಯಾವ ಐಡಿ, ಎಷ್ಟು ಹೊತ್ತು, ಯಾವ ಫೀಚರ್, ಎಷ್ಟು ಸಲ: ಇಷ್ಟು ನ್ಯಾಯ. ಪರದೆಯನ್ನೇ ರೆಕಾರ್ಡ್ ಮಾಡುವ ಉಪಕರಣಗಳೂ ಇವೆ. ಅವುಗಳಲ್ಲಿ ಗುಟ್ಟಿನ ವಿವರ ಮರೆಮಾಡುವ ಏರ್ಪಾಡನ್ನು ಸರಿಯಾಗಿ ಹೊಂದಿಸದಿದ್ದರೆ ಸಾಲಗಾರನ ಹೆಸರು, ಆಧಾರ್ ಸಂಖ್ಯೆ ಸಮೇತ ಹೋಗುತ್ತದೆ. ಸಾಫ್ಟ್‌ವೇರ್ ನಿಂತುಹೋದಾಗ ಕಳಿಸುವ ಕ್ರ್ಯಾಶ್ ರಿಪೋರ್ಟಿನಲ್ಲಿ ಆ ಕ್ಷಣ ತೆರೆದಿದ್ದ ಖಾತೆಯ ವಿವರ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸದಸ್ಯರ ಮಾಹಿತಿಗೆ ಹೊಣೆ ಸೊಸೈಟಿಯೇ, ಸಾಫ್ಟ್‌ವೇರ್ ಕಂಪನಿ ಅದರ ಪರವಾಗಿ ಕೆಲಸ ಮಾಡುವುದು ಮಾತ್ರ. ಸೋರಿಕೆ ತಡೆಯುವ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕೇಳಿದರೆ ಬದಲಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2020ರಲ್ಲಿ ಮೈಕ್ರೋಸಾಫ್ಟ್‌ನ ಪ್ರೊಡಕ್ಟಿವಿಟಿ ಸ್ಕೋರ್ ಎಂಬ ಸೌಲಭ್ಯ ನೌಕರರ ಹೆಸರಿನ ಸಮೇತ ಬಳಕೆ ತೋರಿಸುತ್ತಿತ್ತು, ಗಲಾಟೆಯಾದ ಮೇಲೆ ಹೆಸರುಗಳನ್ನು ತೆಗೆದರು.

ತಪಾಸಣೆಯ ಪತ್ರ ಬಂದಾಗ ಮೊದಲು ಯಾವ ಕಲಂ ಅಡಿಯಲ್ಲಿ ಅಂತ ಕೇಳಿ, ಎಷ್ಟು ದಿನದ ನೋಟಿಸ್ ಇದೆ ನೋಡಿ. ಅವರು ಕಳಿಸುವ ಸ್ಕ್ರಿಪ್ಟನ್ನು (ಎಣಿಸುವ ಪುಟ್ಟ ಪ್ರೋಗ್ರಾಂ) ನಿಮ್ಮವರೇ ಓಡಿಸಲಿ. ಬಂದ ಫೈಲನ್ನು ತೆರೆದು ಓದಿ, ಎಣಿಕೆಗೆ ಬೇಡದ ಕಾಲಂಗಳನ್ನು ಅವರಿಗೆ ತಿಳಿಸಿಯೇ ತೆಗೆದು ಕಳಿಸಿ. ಇನ್‌ಸ್ಟಾಲ್ ಆಗಿರುವುದು, ನಿಜಕ್ಕೂ ಬಳಸಿದ್ದು, ಕೊಂಡದ್ದು ಈ ಮೂರನ್ನೂ ಪಕ್ಕಪಕ್ಕ ಬರೆಯಿರಿ. ಮೂರನೆಯದರಲ್ಲೇ ನಮ್ಮವರು ಸಿಕ್ಕಿಬೀಳುವುದು. ಲೈಸೆನ್ಸ್ ನೋಂದಣಿ ಸಂಸ್ಥೆಯ ಮೇಲ್‌ಗೆ ಆಗದೆ, ಶಿವಮೊಗ್ಗದ ದುರ್ಗಿಗುಡಿಯ ಯಾವುದೋ ಡೀಲರಿನ ಇಲ್ಲವೇ ನಿವೃತ್ತರಾದ ಕಾರ್ಯದರ್ಶಿಯ ಸ್ವಂತ ಜಿಮೇಲ್‌ಗೆ ಆಗಿರುತ್ತದೆ. ಹಣ ಕೊಟ್ಟೂ ಕೊಟ್ಟಿಲ್ಲದಂತೆ. ಮೊದಲು ಅದನ್ನು ಸಂಸ್ಥೆಯ ಹೆಸರಿಗೆ ಬದಲಾಯಿಸಿ.

ಮೂರು ತಿಂಗಳಿಗೊಮ್ಮೆ ಬಳಕೆಯ ವರದಿಯನ್ನು ಇಳಿಸಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ 365ರ ಅಡ್ಮಿನ್ ಪುಟದಲ್ಲಿ ಹಿಂದಿನ 180 ದಿನದವರೆಗಿನದ್ದು ಮಾತ್ರ ಸಿಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಇಟ್ಟುಕೊಳ್ಳಲು ಹೇಳಿರುವುದೂ 180 ದಿನವೇ. ಕರಾರು ಒಂದು ವರ್ಷದ್ದು. ಹನ್ನೊಂದು ತಿಂಗಳ ಹಿಂದಿನ ಲೆಕ್ಕಕ್ಕೆ ಜಗಳ ಬಂದರೆ ನಿಮ್ಮ ಕೈಯಲ್ಲಿ ನಿಮ್ಮದೇ ಕಾಗದ ಇರಬೇಕು.

ಮಂಡಿಗೆ, ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಬರೆಯುವ ನಮ್ಮೂರಿನ ಹುಡುಗ ಹುಡುಗಿಯರಿಗೂ ಒಂದು ಮಾತು. ಗ್ರಾಹಕ ಲಾಗಿನ್ ಆದ ಮೊದಲ ಪುಟದಲ್ಲೇ ‘ಕರಾರು 5, ಈ ತಿಂಗಳ ಗರಿಷ್ಠ 4’ ಅಂತ ಒಂದು ಸಾಲು ತೋರಿಸಿ. ನೆಟ್‌ವರ್ಕ್ ಕಡಿದು ಆ್ಯಪ್ ತಾನೇ ಮತ್ತೆ ಕಳಿಸಿದ ಕೋರಿಕೆಗೆ ಅದೇ ಗುರುತಿನ ಸಂಖ್ಯೆ ಕೊಟ್ಟು ಒಮ್ಮೆ ಮಾತ್ರ ಎಣಿಸಿ. ವಿಫಲವಾದದ್ದನ್ನು ಎಣಿಸಲೇಬೇಡಿ. ಮಿತಿಯ ಶೇಕಡಾ 80 ಮುಟ್ಟಿದಾಗ ಕನ್ನಡದಲ್ಲೇ ಒಂದು ಎಚ್ಚರಿಕೆ ಕಳಿಸಿ, ಅದೂ 70 ಅಕ್ಷರದೊಳಗೆ.