ಯುದ್ಧವಲ್ಲ ಸ್ವಾಮಿ, ಬರೀ ಸಲಹೆ

1956ರಲ್ಲಿ ಅಮೆರಿಕಕ್ಕೆ ಹಳೇ ಸಾಮಾನಿನ ಚಿಂತೆ ಹತ್ತಿತು. ಡಿಯೆನ್ ಬಿಯೆನ್ ಫು ಕಾಳಗದಲ್ಲಿ ವಿಯೆಟ್ನಾಮೀ ಕಮ್ಯುನಿಸ್ಟರಿಂದ ಪೆಟ್ಟು ತಿಂದ ಫ್ರೆಂಚರು ವಿಯೆಟ್ನಾಮಿನಿಂದ ಗಂಟುಮೂಟೆ ಕಟ್ಟಿದಾಗ, ಅವರಿಗೆ ಅಮೆರಿಕ ಕೊಟ್ಟಿದ್ದ ಯುದ್ಧಸಾಮಗ್ರಿ ರಾಶಿರಾಶಿಯಾಗಿ ಅಲ್ಲೇ ಉಳಿದಿತ್ತು. ಬಿಟ್ಟುಬಿಡಲು ಆಗುತ್ತದೆಯೇ? ಆದರೆ ಹೊರಗಿನ ಸೈನಿಕರ ಸಂಖ್ಯೆ ಹೆಚ್ಚಬಾರದೆಂದು, ವಿಯೆಟ್ನಾಮನ್ನು ಉತ್ತರ ದಕ್ಷಿಣವೆಂದು ಪಾಲು ಮಾಡಿದ 1954ರ ಜಿನೀವಾ ಒಪ್ಪಂದ ಹೇಳಿತ್ತು, ಅಮೆರಿಕದ ಪಾಲಿನ ಲೆಕ್ಕ 342ಕ್ಕೆ ನಿಂತಿತ್ತು. ಆದ್ದರಿಂದ ಸಲಕರಣೆ ಮರಳಿ ಪಡೆಯುವ ‘ತಾತ್ಕಾಲಿಕ’ ತಂಡವೊಂದನ್ನು ಕಟ್ಟಿ ಇನ್ನೂ 350 ಜನರನ್ನು ಕಳಿಸಿದರು. ಗುಜರಿ ಆಯಲು ಬಂದವರನ್ನು ಸೈನಿಕರು ಎಂದರೆ ನಾಲಿಗೆ ಬಿದ್ದುಹೋದೀತು. ಅವರು ಗುಜರಿಯನ್ನೂ ಆಯ್ದರು, ದಕ್ಷಿಣದ ರಾಜಧಾನಿ ಸೈಗಾನಿನ ಸೇನೆಗೆ ಪಾಠವನ್ನೂ ಹೇಳಿದರು. ನಾಲ್ಕು ವರ್ಷ ತಾತ್ಕಾಲಿಕವಾಗಿ ಇದ್ದು, ಕೊನೆಗೆ ಅಧಿಕೃತ ಸಲಹಾ ತಂಡದಲ್ಲೇ ಸೇರಿಹೋದರು.

1961ರಲ್ಲಿ ಮೆಕಾಂಗ್ ನದಿಗೆ ಮಹಾಪೂರ ಬಂತು. ಪರಿಸ್ಥಿತಿ ನೋಡಲೆಂದು ಹೋಗಿದ್ದ ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ಅವರ ಕರುಳು ಚುರುಕ್ ಎಂದಿತು. ಪ್ರವಾಹ ಪರಿಹಾರದ ಹೆಸರಿನಲ್ಲಿ ಎಂಟು ಸಾವಿರದಷ್ಟು ಸೈನಿಕರನ್ನು ಕಳಿಸೋಣ ಎಂದು ಅಧ್ಯಕ್ಷ ಕೆನಡಿಗೆ ಶಿಫಾರಸು ಮಾಡಿದರು. ನೀರಿಳಿದ ಮೇಲೆ ಬೇಕಾದರೆ ವಾಪಸ್ ಕರೆಸಬಹುದು, ಬೇಕಾದರೆ ಅಲ್ಲೇ ಇರಿಸಬಹುದು. ನೆರೆ ಪರಿಹಾರದಲ್ಲಿ ಇಷ್ಟು ದೂರದೃಷ್ಟಿಯನ್ನು ನಾವಂತೂ ಕಂಡಿಲ್ಲ. ಕೆನಡಿ ದಡ್ಡರಲ್ಲ. ಇದು ಒಂದು ಪೆಗ್ ಹಾಕಿದ ಹಾಗೆ, ಅಮಲಿಳಿದರೆ ಇನ್ನೊಂದು ಬೇಕಾಗುತ್ತದೆ ಎಂದು ಆಪ್ತರೊಬ್ಬರ ಬಳಿ ಅಂದರಂತೆ. ಅಂದವರು ಸೇನಾಪಡೆ ಬೇಡವೆಂದು ತಳ್ಳಿಹಾಕಿ, ಸಲಹೆಗಾರರನ್ನೂ ಹೆಲಿಕಾಪ್ಟರುಗಳನ್ನೂ ಹೆಚ್ಚಿಸಿದರು. ಪೆಗ್ ಬೇಡ, ಬೀರ್ ಸಾಕು ಎಂದ ಹಾಗೆ.

ಆ ಡಿಸೆಂಬರ್ 11ರಂದು ‘ಕೋರ್’ ಎಂಬ ಹಡಗು ಸೈಗಾನ್ ನದಿಯಲ್ಲಿ ಊರೊಳಗೇ ಬಂದು ನಿಂತಿತು. ಡೆಕ್ಕಿನ ಮೇಲೆ ಮೂವತ್ತಕ್ಕೂ ಹೆಚ್ಚು ಹೆಲಿಕಾಪ್ಟರುಗಳು, ಜೊತೆಗೆ ನಾನೂರರಷ್ಟು ಸಿಬ್ಬಂದಿ. ಹೋಟೆಲಿನ ಮಹಡಿಯಲ್ಲಿ ಕೂತಿದ್ದ ಪತ್ರಕರ್ತರೊಬ್ಬರು ಪಕ್ಕದಲ್ಲಿದ್ದ ಅಮೆರಿಕದ ವಾರ್ತಾಧಿಕಾರಿಗೆ ಅದನ್ನು ತೋರಿಸಿದರೆ, ಆತ ನನಗೇನೂ ಕಾಣುತ್ತಿಲ್ಲವಲ್ಲ ಎಂದನಂತೆ. ದಡದಲ್ಲಿ ನಿಂತ ಸೈಗಾನಿನ ಮಕ್ಕಳಿಗೂ ಕಂಡ ಹಡಗು ವಾರ್ತಾ ಇಲಾಖೆಗೆ ಕಾಣದಿದ್ದರೆ ಅದು ದೃಷ್ಟಿದೋಷವಲ್ಲ, ಕರ್ತವ್ಯನಿಷ್ಠೆ.

ಬಿಯೆನ್ ಹೋವಾ ವಿಮಾನನೆಲೆಯ ತರಬೇತಿ ವಿಧಾನವನ್ನಂತೂ ಯಾವ ವಿಶ್ವವಿದ್ಯಾಲಯವೂ ಇನ್ನೂ ಅಳವಡಿಸಿಕೊಂಡಿಲ್ಲ. ವಿಮಾನ ಅಮೆರಿಕದ್ದು, ಮೈಮೇಲಿನ ಗುರುತು ದಕ್ಷಿಣ ವಿಯೆಟ್ನಾಮಿನದ್ದು. ಹಾರಿಸುವವನು ಅಮೆರಿಕನ್, ಬಾಂಬು ಹಾಕುವವನೂ ಅವನೇ. ಆದರೆ ಹಿಂದಿನ ಸೀಟಿನಲ್ಲಿ ಒಬ್ಬ ವಿಯೆಟ್ನಾಮೀ ಕೂತಿರಲೇಬೇಕು. ಅವನು ವಿದ್ಯಾರ್ಥಿ. ಅವನು ಕೂತಿದ್ದರೆ ಅದು ತರಬೇತಿ, ಇಳಿದರೆ ಯುದ್ಧ. ಕೆಳಗೆ ಗದ್ದೆಯಲ್ಲಿದ್ದವರಿಗೆ ಹಿಂದಿನ ಸೀಟು ಕಾಣುತ್ತಿರಲಿಲ್ಲ ಎನ್ನುವುದೊಂದೇ ಕೊರತೆ.

1962ರ ಜನವರಿ 15ರಂದು ಪತ್ರಿಕಾಗೋಷ್ಠಿಯಲ್ಲಿ, ನಮ್ಮ ಸೈನಿಕರು ಅಲ್ಲಿ ಕಾದಾಡುತ್ತಿದ್ದಾರೆಯೇ ಎಂದು ಕೇಳಿದ್ದಕ್ಕೆ ಕೆನಡಿ ಇಲ್ಲ ಎಂದರು. ಆದರೆ ಸಲಹೆ ಕೊಡುವವರಿಗೆ ಗುಂಡು ತಗಲುತ್ತಿತ್ತು, ಅದೇ ಪೇಚು. ಯುದ್ಧವೇ ಇಲ್ಲದ ಮೇಲೆ ಗಾಯಾಳುವಿಗೆ ಪದಕ ಕೊಡುವುದು ಹೇಗೆ? ಏಪ್ರಿಲ್‌ನಲ್ಲಿ ಆದೇಶ ಹೊರಟಿತು: ಮಿತ್ರಸೇನೆಯ ಜೊತೆಗಿದ್ದು ಗಾಯಗೊಂಡವರಿಗೂ ಪರ್ಪಲ್ ಹಾರ್ಟ್ ಸಲ್ಲುತ್ತದೆ. ಮಾತು ತಪ್ಪಲಿಲ್ಲ, ಪದಕವೂ ತಪ್ಪಲಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಜಿನೀವಾ ಒಪ್ಪಂದವೇ ಒಂದು ಅಂತರರಾಷ್ಟ್ರೀಯ ಆಯೋಗವನ್ನು ನೇಮಿಸಿತ್ತು. ಸದಸ್ಯರು ಕೆನಡಾ ಮತ್ತು ಪೋಲೆಂಡ್, ಅಧ್ಯಕ್ಷಗಿರಿ ನಮ್ಮ ಭಾರತದ್ದು. 1962ರ ಜೂನ್ ವರದಿಯಲ್ಲಿ ಆಯೋಗ, ಉತ್ತರದವರು ದಕ್ಷಿಣದಲ್ಲಿ ಕಿಡಿ ಹಚ್ಚುತ್ತಿದ್ದಾರೆ, ಅಮೆರಿಕದವರು ಒಪ್ಪಂದ ಮೀರಿ ಸೈನಿಕರನ್ನೂ ಸಾಮಗ್ರಿಯನ್ನೂ ಇಳಿಸುತ್ತಿದ್ದಾರೆ ಎಂದು ಇಬ್ಬರ ಕಿವಿಯನ್ನೂ ಹಿಂಡಿತು. ಇಬ್ಬರೂ ಕಿವಿ ಸವರಿಕೊಂಡು ಕೆಲಸಕ್ಕೆ ಮರಳಿದರು. 1963ರ ಕೊನೆಗೆ ಸಲಹೆಗಾರರು ಹದಿನಾರು ಸಾವಿರ ದಾಟಿದ್ದರು.

ಅಷ್ಟು ಸಲಹೆಯ ಫಲವೂ ಆ ವರ್ಷದ ಮೊದಲ ವಾರದಲ್ಲೇ ಕಂಡಿತ್ತು. ಆಪ್ ಬಾಕ್ ಎಂಬ ಹಳ್ಳಿಯಲ್ಲಿ ಸುಮಾರು 350 ಕಮ್ಯುನಿಸ್ಟ್ ಗೆರಿಲ್ಲಾಗಳು ತಮಗಿಂತ ಕೆಲವು ಪಟ್ಟು ದೊಡ್ಡ ಸೈಗಾನ್ ಪಡೆಯನ್ನು ತಡೆದು, ಐದು ಹೆಲಿಕಾಪ್ಟರ್ ಕೆಡವಿ, ರಾತ್ರಿ ಕತ್ತಲಲ್ಲಿ ಜಾಗ ಖಾಲಿ ಮಾಡಿದರು. ಮರುದಿನ ಖಾಲಿ ಹಳ್ಳಿ ಕೈಗೆ ಸಿಕ್ಕಿತು. ಅಲ್ಲಿನ ಅಮೆರಿಕನ್ ಪಡೆಯ ಮುಖ್ಯಸ್ಥ ಜನರಲ್ ಹಾರ್ಕಿನ್ಸ್ ಅದನ್ನು ಗೆಲುವು ಎಂದರು.

ಇಲ್ಲಿಂದ ಮುಂದೆ ನಡೆದದ್ದು ನಮ್ಮ ಸನ್ಯಾಸಿಯ ಕೌಪೀನದ ಕತೆ. ಕೌಪೀನಕ್ಕೆ ಇಲಿ ಕಾಟ, ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ಮೇಯಿಸಲು ಹೆಂಡತಿ. ಸಲಹೆಗಾರರಿಗೆ ವಿಮಾನ ಬೇಕಾಯಿತು, ವಿಮಾನಕ್ಕೆ ನೆಲೆ. ನೆಲೆಯ ಮೇಲೆ ಗೆರಿಲ್ಲಾಗಳ ಮಾರ್ಟರ್ ಬಿತ್ತು: 1964ರ ನವೆಂಬರ್‌ನಲ್ಲಿ ಬಿಯೆನ್ ಹೋವಾ, 1965ರ ಫೆಬ್ರವರಿಯಲ್ಲಿ ಪ್ಲೇಕು. ನೆಲೆಗೆ ಕಾವಲು ಬೇಡವೇ? ಮಾರ್ಚ್ 8ರಂದು 3,500 ಮೆರೀನುಗಳು ಡಾ ನಾಂಗ್ ತೀರಕ್ಕೆ ಬಂದರು. ಮೈತುಂಬ ಆಯುಧ ಹೊತ್ತು ಅಲೆಯಲ್ಲಿ ನೆನೆದು ದಡ ಸೇರಿದವರಿಗೆ ಎದುರಾದದ್ದು ಶತ್ರುವಲ್ಲ, ಹೂಮಾಲೆ ಹಿಡಿದ ಕಾಲೇಜು ಹುಡುಗಿಯರು ಮತ್ತು ಸ್ವಾಗತ ಫಲಕ. ಕೊರಳಿಗೆ ಮಾಲೆ ಬಿದ್ದ ಬ್ರಿಗೇಡಿಯರ್ ಜನರಲ್ ಕಾರ್ಚ್ ಅವರ ಮುಖ ಫೋಟೋದಲ್ಲಿ ಬಿಗಿದುಕೊಂಡೇ ಇದೆ. ಕಾವಲಿಗೆ ಬಂದವರು ಬೇಲಿಯೊಳಗೆ ಎಷ್ಟು ದಿನ ಕೂತಾರು? ಏಪ್ರಿಲ್ ಮೊದಲ ವಾರಕ್ಕೆಲ್ಲ ಬೇಲಿಯಾಚೆ ಹೋಗಿ ಕಾದಾಡಲು ಅಪ್ಪಣೆ ಸಿಕ್ಕಿತು. ಸುದ್ದಿ ಮಾತ್ರ ಹೊರಬೀಳದಿರಲಿ ಎಂಬ ಸೂಚನೆಯೂ ಅದೇ ಕಾಗದದಲ್ಲಿತ್ತು.

ಜುಲೈ 28ರಂದು ಅಧ್ಯಕ್ಷ ಜಾನ್ಸನ್ ಸೈನಿಕರ ಸಂಖ್ಯೆಯನ್ನು 1,25,000ಕ್ಕೆ ಏರಿಸುವುದಾಗಿ ಸಾರಿದರು. ಇದು ನೀತಿ ಬದಲಾದಂತೆಯೇ ಎಂದು ಕೇಳಿದರೆ, ಎಳ್ಳಷ್ಟೂ ಇಲ್ಲ ಎಂದರು. 1969ಕ್ಕೆ ಸಂಖ್ಯೆ 5,43,000 ಮುಟ್ಟಿತು. ಕೃಷಿ ಕೆಲಸವೂ ಹಿಂದೆ ಬೀಳಲಿಲ್ಲ. 1962ರಿಂದ 1971ರವರೆಗೆ ವಿಮಾನಗಳಿಂದ 7 ಕೋಟಿ ಲೀಟರಿನಷ್ಟು ಕಳೆನಾಶಕ ಸುರಿದರು. ಕಳೆ ಎಂದರೆ ಮ್ಯಾಂಗ್ರೋವ್ ಕಾಡು, ಕಳೆ ಎಂದರೆ ರೈತನ ಭತ್ತ. ಇಷ್ಟಾದರೂ ಅಮೆರಿಕದ ಸಂಸತ್ತು ಯುದ್ಧ ಘೋಷಿಸಲೇ ಇಲ್ಲ. ಹಾಗಾಗಿ ಸತ್ತ 58,000 ಅಮೆರಿಕನ್ನರೂ ಲಕ್ಷಗಟ್ಟಲೆ ವಿಯೆಟ್ನಾಮೀಯರೂ ಘೋಷಣೆಯಾಗದ ಯುದ್ಧದಲ್ಲೇ ಸತ್ತರು.

1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಅಮೆರಿಕ ಅಲ್ಲಿರುವ ತನ್ನ ಸೇನಾನೆಲೆಗಳನ್ನೆಲ್ಲ ಕಿತ್ತುಹಾಕಬೇಕು ಎಂಬುದು ಅದರ ಒಂದು ಷರತ್ತು. ಕೀಳಲು ಅಮೆರಿಕದ ನೆಲೆಗಳೇ ಅಲ್ಲಿರಲಿಲ್ಲ. ಸಹಿಗೆ ಮುಂಚೆಯೇ ಅವುಗಳ ಖಾತೆಯನ್ನು ಸೈಗಾನ್ ಸರ್ಕಾರದ ಹೆಸರಿಗೆ ಬದಲಾಯಿಸಿಯಾಗಿತ್ತು. ಸೈನಿಕರೂ ಹೊರಟರು, ಸೈಗಾನಿನ ಹೊಸ ಸೇನಾ ಕಚೇರಿಯಲ್ಲಿ ಸಮವಸ್ತ್ರದವರು ಐವತ್ತೇ ಮಂದಿ ಉಳಿದರು. ಮಿಕ್ಕ ಸಾವಿರಾರು ಜನರಿಗೆ ಪ್ಯಾಂಟು ಶರಟು ತೊಡಿಸಿ ಗುತ್ತಿಗೆ ನೌಕರರೆಂದು ಬರೆದುಕೊಂಡರು.